ಆರಂಭಿಕ ಅಮೆರಿಕನ್ ಚಿನ್ನದ ನಾಣ್ಯಗಳ ಡೈ ಬಗೆ ಗುರುತಿಸುವುದು: ಕೊಳ್ಳುವ ಮುನ್ನ ಅನುಸರಿಸಬೇಕಾದ ಕ್ರಮ

ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ 1795ರಿಂದ 1834ರವರೆಗೆ ಹಳೆಯ ತೂಕದಲ್ಲಿ ಅಚ್ಚಾದ ಚಿನ್ನದ ನಾಣ್ಯಗಳನ್ನು ಸಂಗ್ರಹಿಸಲು ಹೊರಟವರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲು ನಾಣ್ಯ ಕೊಳ್ಳುತ್ತಾರೆ, ಆಮೇಲೆ ಅದು ಯಾವ ಡೈಗಳಿಂದ, ಅಂದರೆ ನಾಣ್ಯದ ಎರಡು ಮುಖಗಳನ್ನು ಒತ್ತುವ ಯಾವ ಜೋಡಿ ಅಚ್ಚುಗಳಿಂದ, ಬಂದದ್ದೆಂದು ಹುಡುಕುತ್ತಾರೆ, ಯಾವುದಕ್ಕೂ ಹೊಂದದಿದ್ದಾಗ ಅಪರೂಪದ ಹೊಸ ಬಗೆ ಸಿಕ್ಕಿತೆಂದು ಹಿಗ್ಗುತ್ತಾರೆ, ಅದು ಅಸಲಿಯೇ ಎಂಬ ಪ್ರಶ್ನೆ ಎಲ್ಲಕ್ಕಿಂತ ಕೊನೆಗೆ ಏಳುತ್ತದೆ. ಈ ಕ್ರಮವನ್ನು ಪೂರ್ತಿ ತಲೆಕೆಳಗು ಮಾಡಬೇಕು.

ಕಾರಣ ಸರಳವಾಗಿದೆ. ಆ ಕಾಲದಲ್ಲಿ ಸ್ವಾತಂತ್ರ್ಯದೇವಿ ಲಿಬರ್ಟಿಯ ತಲೆ, ಹದ್ದು ಮೊದಲಾದ ದೊಡ್ಡ ಆಕೃತಿಗಳನ್ನು ಸಿದ್ಧ ಪಂಚ್‌ಗಳಿಂದ ಡೈಗೆ ಇಳಿಸುತ್ತಿದ್ದರೂ, ನಕ್ಷತ್ರ, ಅಕ್ಷರ ಮತ್ತು ಇಸವಿಯ ಅಂಕಿಗಳನ್ನು ಒಂದೊಂದಾಗಿ ಕೈಯಿಂದಲೇ ಬಡಿದು ಕೂರಿಸುತ್ತಿದ್ದರು. ಆದ್ದರಿಂದ ಯಾವ ಎರಡು ಡೈಗಳೂ ಒಂದೇ ಬಗೆಯಾಗಿ ಇರಲಾರವು. ಆ ಡೈಗಳ ಸಂಖ್ಯೆ ಸೀಮಿತ, ಮತ್ತು ಅವು ಬಹುಮಟ್ಟಿಗೆ ಎಲ್ಲವೂ ದಾಖಲಾಗಿವೆ. ಅಸಲಿ ನಾಣ್ಯವೊಂದು ಈ ದಾಖಲೆಯ ಯಾವುದಾದರೂ ಒಂದು ಜೋಡಿಗೆ ಹೊಂದಲೇಬೇಕು. ಹಾಗಾಗಿ ಡೈ ಗುರುತಿಸುವುದು ಸಂಗ್ರಹಕಾರನ ಕೊನೆಯ ಹವ್ಯಾಸದ ಕೆಲಸವಲ್ಲ, ಹಣ ಕೊಡುವ ಮುನ್ನ ಅವನ ಕೈಯಲ್ಲಿರುವ ಅತ್ಯಂತ ಬಲವಾದ ಪರೀಕ್ಷೆ.

ಹಂತ 1: ವ್ಯಾಪ್ತಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ

ಈ ಅವಧಿಯಲ್ಲಿ ಮೂರು ಮೌಲ್ಯಗಳಿವೆ: ಎರಡೂವರೆ ಡಾಲರಿನ ಕ್ವಾರ್ಟರ್ ಈಗಲ್, ಐದು ಡಾಲರಿನ ಹಾಫ್ ಈಗಲ್, ಹತ್ತು ಡಾಲರಿನ ಈಗಲ್. ಈಗಲ್ 1804ಕ್ಕೆ ನಿಂತುಹೋಯಿತು. ಉಳಿದೆರಡು 1834ರವರೆಗೆ, ನಡುನಡುವೆ ಬಿಡುವು ಕೊಟ್ಟು, ಮುಂದುವರಿದವು.

ಪ್ರತಿ ಇಸವಿಗೂ ಒಂದು ನಾಣ್ಯ ಎಂಬ ಗುರಿಯನ್ನು ಇಟ್ಟುಕೊಳ್ಳಬೇಡಿ. 1822ರ ಹಾಫ್ ಈಗಲ್ ಇಡೀ ಜಗತ್ತಿನಲ್ಲಿ ಮೂರೇ ಇವೆ; ಅದರಲ್ಲಿ ಎರಡು ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿವೆ, ಖಾಸಗಿಯಾಗಿ ಉಳಿದ ಒಂದು 2021ರ ಮಾರ್ಚ್‌ನಲ್ಲಿ 84 ಲಕ್ಷ ಡಾಲರಿಗೆ ಹರಾಜಾಯಿತು. 1820ರ ದಶಕದ ಉದ್ದಕ್ಕೂ ನಾಣ್ಯದ ಮುಖಬೆಲೆಗಿಂತ ಅದರ ಚಿನ್ನದ ಬೆಲೆ ಹೆಚ್ಚಾಗಿದ್ದುದರಿಂದ ಬಹುತೇಕ ನಾಣ್ಯಗಳು ಕುಲುಮೆ ಸೇರಿದವು. ಹೀಗಾಗಿ ಟಂಕಸಾಲೆಯ ಲೆಕ್ಕದಲ್ಲಿ ಸಾವಿರಾರು ಎಂದು ತೋರುವ ಇಸವಿಯೂ ಇವತ್ತು ಕೈಗೆ ಸಿಗದಿರಬಹುದು.

ಹೊಸಬರಿಗೆ ಎರಡು ದಾರಿಗಳು ಸೂಕ್ತ. ಒಂದು, ಪ್ರತಿ ವಿನ್ಯಾಸಕ್ಕೆ ಒಂದೊಂದು ನಾಣ್ಯ. ಇನ್ನೊಂದು, ಒಂದೇ ಇಸವಿಯನ್ನು ಹಿಡಿದು ಅದರ ಡೈ ಬಗೆಗಳನ್ನು ಕೂಡಿಸುವುದು. ಇದಕ್ಕೆ 1799ರ ಈಗಲ್, 1802ರ ಅಥವಾ 1806ರ ಹಾಫ್ ಈಗಲ್ ಒಳ್ಳೆಯ ಆಯ್ಕೆಗಳು. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಕಲಿಸುತ್ತದೆ, ಏಕೆಂದರೆ ಒಂದು ಇಸವಿಯ ಆರೇಳು ಡೈಗಳು ಕಣ್ಣಿಗೆ ಕೂತ ಮೇಲೆ ನಕಲಿ ನಾಣ್ಯ ದೂರದಿಂದಲೇ ಅಪರಿಚಿತವಾಗಿ ಕಾಣುತ್ತದೆ.

ಹಂತ 2: ಬೇಕಾದ ಉಪಕರಣಗಳು

ದುಬಾರಿ ಸಾಮಾನು ಬೇಕಿಲ್ಲ. ಐದರಿಂದ ಏಳು ಪಟ್ಟು ಹಿಗ್ಗಿಸುವ ಒಂದು ಭೂತಗನ್ನಡಿ ದಿನನಿತ್ಯದ ನೋಟಕ್ಕೆ, ಹತ್ತು ಪಟ್ಟಿನ ಇನ್ನೊಂದು ಅನುಮಾನ ಬಂದ ಜಾಗಕ್ಕೆ. ಹತ್ತು ಪಟ್ಟಿನದನ್ನೇ ಎಲ್ಲಕ್ಕೂ ಬಳಸುವವರಿಗೆ ಗೀರುಗಳು ಕಾಣುತ್ತವೆ, ನಾಣ್ಯ ಕಾಣುವುದಿಲ್ಲ. ಬೆಳಕಿಗೆ ಮೇಜಿನ ಮೇಲಿಡುವ ಸಾಧಾರಣ ಹಳದಿ ಬಲ್ಬಿನ ಲ್ಯಾಂಪ್ ಸಾಕು. ಕೋಣೆಯ ಟ್ಯೂಬ್‌ಲೈಟನ್ನು ಆರಿಸಬೇಕು, ಏಕೆಂದರೆ ಹರಡಿದ ಬೆಳಕಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೀರುಗಳು ಅಡಗಿಕೊಳ್ಳುತ್ತವೆ.

ತೂಕಕ್ಕೆ ಕನಿಷ್ಠ 0.01 ಗ್ರಾಂ, ಸಾಧ್ಯವಾದರೆ 0.001 ಗ್ರಾಂ ನಿಖರತೆಯ ತಕ್ಕಡಿ ಇರಲಿ. ವ್ಯಾಸಕ್ಕೆ ಪ್ಲಾಸ್ಟಿಕ್ ಕ್ಯಾಲಿಪರ್ ಬಳಸಿ, ಲೋಹದ್ದು ಚಿನ್ನದ ಅಂಚನ್ನು ಕಚ್ಚುತ್ತದೆ. ಕೆಳಗೆ ಹಾಸಲು ದಪ್ಪ ಮಖಮಲ್ಲು ಬೇಕು, ನಾಣ್ಯವನ್ನು ಯಾವಾಗಲೂ ಅಂಚಿನಿಂದಲೇ ಹಿಡಿಯಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಆಕರ. ಹ್ಯಾರಿ ಬಾಸ್ ಮತ್ತು ಜಾನ್ ಡಾನ್‌ರಾಯ್ಟರ್ ಅವರು ಸಿದ್ಧಪಡಿಸಿದ, 2006ರಲ್ಲಿ ಹೊರಬಂದ ಡೈ ಪಟ್ಟಿಯೇ ಇವತ್ತಿನ ಮಾನದಂಡ. ಅವರ ಹೆಸರುಗಳ ಮೊದಲಕ್ಷರದಿಂದ ಬಂದ ಬಿ.ಡಿ. ಸಂಖ್ಯೆಯನ್ನೇ ಹರಾಜು ಸಂಸ್ಥೆಗಳೂ, ನಾಣ್ಯವನ್ನು ಪರೀಕ್ಷಿಸಿ ದರ್ಜೆ ಕೊಟ್ಟು ಕವಚದಲ್ಲಿ ಮುಚ್ಚಿಕೊಡುವ ಗ್ರೇಡಿಂಗ್ ಸಂಸ್ಥೆಗಳೂ ಬಳಸುತ್ತವೆ. ಹಳೆಯ ಹರಾಜು ಪಟ್ಟಿಗಳಲ್ಲಿ ಬ್ರೀನ್, ಮಿಲ್ಲರ್, ಟರಾಸ್ಕಾ ಎಂಬ ಬೇರೆ ಸಂಶೋಧಕರ ಪಟ್ಟಿಗಳ ಸಂಖ್ಯೆಗಳು ಸಿಗುತ್ತವೆ, ಅವು ಬಿ.ಡಿ. ಸಂಖ್ಯೆಗೆ ನೇರವಾಗಿ ಹೊಂದುವುದಿಲ್ಲವಾದ್ದರಿಂದ ಯಾವ ಪಟ್ಟಿಯ ಸಂಖ್ಯೆ ಎಂಬುದನ್ನು ಜೊತೆಗೇ ಬರೆದಿಟ್ಟುಕೊಳ್ಳಿ. ಚಿತ್ರಗಳಿಗೆ ಪಿಸಿಜಿಎಸ್ ಎಂಬ ಗ್ರೇಡಿಂಗ್ ಸಂಸ್ಥೆಯ ಕಾಯಿನ್‌ಫ್ಯಾಕ್ಟ್ಸ್ ಜಾಲತಾಣ, ಹೆರಿಟೇಜ್ ಮತ್ತು ಸ್ಟ್ಯಾಕ್ಸ್ ಬವರ್ಸ್ ಸಂಸ್ಥೆಗಳ ಹಳೆಯ ಹರಾಜುಗಳ ಸಂಗ್ರಹ ಸಾಕಾಗುತ್ತವೆ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ ನಡೆಸುವ ನ್ಯೂಮನ್ ಪೋರ್ಟಲ್‌ನಲ್ಲಿ ಹಳೆಯ ಪಟ್ಟಿಗಳನ್ನು ಹಣ ಕೊಡದೆ ಓದಬಹುದು.

ಹಂತ 3: ತೂಕ, ವ್ಯಾಸ, ವಿನ್ಯಾಸ

ಡೈ ಹುಡುಕುವ ಮೊದಲು ನಾಣ್ಯ ಈ ಕಾಲದ್ದೇ ಎಂಬುದು ಖಚಿತವಾಗಬೇಕು. ಹಳೆಯ ಮಾನದ ಪ್ರಕಾರ ಈಗಲ್ 17.50 ಗ್ರಾಂ, ಹಾಫ್ ಈಗಲ್ 8.75 ಗ್ರಾಂ, ಕ್ವಾರ್ಟರ್ ಈಗಲ್ 4.37 ಗ್ರಾಂ ತೂಗಬೇಕು. ಶುದ್ಧತೆ ಹನ್ನೆರಡರಲ್ಲಿ ಹನ್ನೊಂದು ಪಾಲು, ಅಂದರೆ ನಮ್ಮ ಅಂಗಡಿಗಳ ಲೆಕ್ಕದಲ್ಲಿ 22 ಕ್ಯಾರಟ್. ಉಳಿದದ್ದು ಬೆಳ್ಳಿ ಮತ್ತು ತಾಮ್ರ. ಈಗಲ್‌ನ ವ್ಯಾಸ ಸುಮಾರು 33 ಮಿ.ಮೀ., ಹಾಫ್ ಈಗಲ್‌ನದು ಸುಮಾರು 25 ಮಿ.ಮೀ. (1829ರಲ್ಲಿ ಸುಮಾರು 23.8ಕ್ಕೆ ಇಳಿಯಿತು), 1808ರವರೆಗಿನ ಕ್ವಾರ್ಟರ್ ಈಗಲ್‌ನದು ಸುಮಾರು 20 ಮಿ.ಮೀ.

ಇಲ್ಲಿ ಅತಿ ಹೆಚ್ಚು ಜನ ಬೀಳುವ ಗುಂಡಿ 1834. ಆ ವರ್ಷದ ಜೂನ್ ತಿಂಗಳ ಕಾಯ್ದೆ ಚಿನ್ನದ ತೂಕವನ್ನು ಇಳಿಸಿತು, ಹಾಫ್ ಈಗಲ್ 8.36 ಗ್ರಾಂ ಆಯಿತು. ಹೊಸ ನಾಣ್ಯವನ್ನು ಸುಲಭವಾಗಿ ಗುರುತಿಸಲೆಂದು ಹಿಮ್ಮುಖದಲ್ಲಿ ಹದ್ದಿನ ಮೇಲಿದ್ದ ಲ್ಯಾಟಿನ್ ಧ್ಯೇಯವಾಕ್ಯದ ಪಟ್ಟಿಯನ್ನು ತೆಗೆದುಹಾಕಿದರು. ಪಟ್ಟಿ ಇಲ್ಲದ 1834ರ ನಾಣ್ಯಗಳು ಆರು ಲಕ್ಷಕ್ಕೂ ಮೀರಿ ಅಚ್ಚಾದವು, ಸುಲಭವಾಗಿ ಸಿಗುತ್ತವೆ. ಪಟ್ಟಿ ಇರುವವು ನಿಜಕ್ಕೂ ವಿರಳ. ಇಸವಿ ಮಾತ್ರ ನೋಡಿ ಮೊದಲನೆಯದಕ್ಕೆ ಎರಡನೆಯದರ ಬೆಲೆ ತೆತ್ತವರಿದ್ದಾರೆ.

ಇನ್ನೊಂದು ವಿಷಯ ಹೊಸಬರನ್ನು ದಿಗಿಲುಗೊಳಿಸುತ್ತದೆ: ಆರಂಭದ ನಾಣ್ಯಗಳ ಮೇಲೆ ಬೆಲೆಯೇ ನಮೂದಾಗಿಲ್ಲ. ಹಾಫ್ ಈಗಲ್‌ನಲ್ಲಿ ಅದು 1807ರ ಎಡಮುಖದ ವಿನ್ಯಾಸದಿಂದ, ಕ್ವಾರ್ಟರ್ ಈಗಲ್‌ನಲ್ಲಿ 1808ರಿಂದ ಬಂತು. ಈಗಲ್‌ನಲ್ಲಿ 1804ರವರೆಗೂ ಇರಲೇ ಇಲ್ಲ. ಹಾಗಾಗಿ ಬೆಲೆ ಬರೆದಿರುವ 1799ರ ಈಗಲ್ ಕಂಡರೆ ಮುಂದಿನ ಹಂತಗಳ ಅಗತ್ಯವೇ ಇಲ್ಲ.

ಕವಚವಿಲ್ಲದ ಬಿಡಿ ನಾಣ್ಯವಾದರೆ ಸಾಂದ್ರತೆಯನ್ನೂ ನೋಡಬಹುದು. ಗಾಳಿಯಲ್ಲಿನ ತೂಕವನ್ನು, ನೀರಿನಲ್ಲಿ ತೂಗುಬಿಟ್ಟಾಗ ಕಡಿಮೆಯಾಗುವ ತೂಕದಿಂದ ಭಾಗಿಸಿದರೆ 17.5ರಿಂದ 17.8ರ ಸುತ್ತ ಉತ್ತರ ಬರಬೇಕು. ಹಾಫ್ ಈಗಲ್ ನೀರಿನಲ್ಲಿ ಅರ್ಧ ಗ್ರಾಮಿನಷ್ಟು ಮಾತ್ರ ಹಗುರವಾಗುವುದರಿಂದ, ತಕ್ಕಡಿ 0.01 ಗ್ರಾಂ ತಪ್ಪಿದರೂ ಉತ್ತರ 0.35ರಷ್ಟು ಆಚೀಚೆ ಹೋಗುತ್ತದೆ. ಕ್ವಾರ್ಟರ್ ಈಗಲ್‌ಗೆ ಆ ತಕ್ಕಡಿ ಪ್ರಯೋಜನಕ್ಕೇ ಬಾರದು. ಪರೀಕ್ಷೆ ಮುಗಿದ ಮೇಲೆ ನಾಣ್ಯವನ್ನು ಮೆತ್ತನೆಯ ಬಟ್ಟೆಯ ಮೇಲಿಟ್ಟು ಒತ್ತಿ ಒಣಗಿಸಿ, ಎಂದಿಗೂ ಉಜ್ಜಬೇಡಿ.

ಇಲ್ಲೊಂದು ಎಚ್ಚರಿಕೆ ನಮ್ಮವರಿಗೆ ವಿಶೇಷವಾಗಿ ಬೇಕು. ಅಕ್ಕಸಾಲಿಗರ ಒರೆಗಲ್ಲಿಗೆ ನಾಣ್ಯವನ್ನು ಕೊಡಬೇಡಿ. ಅಂಚಿನಲ್ಲಿ ಎಳೆದ ಒಂದೇ ಒಂದು ಒರೆ, ಗ್ರೇಡ್ ಸಿಗುವ ನಾಣ್ಯವನ್ನು ಹಾನಿಗೊಂಡ ನಾಣ್ಯವಾಗಿ ಮಾಡಿಬಿಡುತ್ತದೆ. ಆಭರಣದಂಗಡಿಯ ಎಕ್ಸ್-ರೇ ಕ್ಯಾರಟ್ ಮೀಟರ್‌ನಿಂದ ಹಾನಿಯಿಲ್ಲ. ಆದರೆ ಅದು ಲೋಹವನ್ನು ಹೇಳುತ್ತದೆಯೇ ಹೊರತು ನಾಣ್ಯದ ಅಸಲಿತನವನ್ನು ಹೇಳುವುದಿಲ್ಲ. ಸರಿಯಾದ ಚಿನ್ನದಲ್ಲೇ ಅಚ್ಚಾದ ನಕಲಿಗಳು ಈ ಕ್ಷೇತ್ರದಲ್ಲಿ ಸಾಕಷ್ಟಿವೆ.

ಹಂತ 4: ಮುಮ್ಮುಖದ ಡೈ

ಮುಮ್ಮುಖ (ಲಿಬರ್ಟಿಯ ತಲೆಯಿರುವ ಬದಿ) ಮತ್ತು ಹಿಮ್ಮುಖ (ಹದ್ದಿರುವ ಬದಿ) ಎರಡನ್ನೂ ಒಟ್ಟಿಗೆ ಹೋಲಿಸಲು ಹೋಗುವುದು ಸಾಮಾನ್ಯ ತಪ್ಪು. ಮೊದಲು ಮುಮ್ಮುಖವೊಂದನ್ನೇ ಮುಗಿಸಿ.

ಆರಂಭ ಇಸವಿಯಿಂದ. ಅಂಕಿಗಳ ಆಕಾರ, ಗಾತ್ರ, ಒಂದರ ಕೆಳಗೆ ಇನ್ನೊಂದು ಅಂಕಿ ಇಣುಕುತ್ತಿದೆಯೇ ಎಂಬುದನ್ನು ನೋಡಿ. 1802ರ ಎಲ್ಲ ಹಾಫ್ ಈಗಲ್‌ಗಳಲ್ಲೂ 2ರ ಕೆಳಗೆ 1 ಇದೆ. 1803ರ ಎಲ್ಲದರಲ್ಲೂ 3ರ ಕೆಳಗೆ 2 ಇದೆ. ಮಾರುವವರು ಇದನ್ನೇ ವಿಶೇಷ ಬಗೆ ಎಂದು ಹೊಗಳಿದರೆ ಕಿವಿಗೊಡಬೇಡಿ. ಆ ಇಸವಿಗಳಲ್ಲಿ ತಿದ್ದದ ಅಂಕಿಯ ಹಾಫ್ ಈಗಲ್ ಇಲ್ಲವೇ ಇಲ್ಲ. ಬದಲಿಗೆ, ತಿದ್ದಿದ ಅಂಕಿ ಇಲ್ಲದ 1803ರ ಹಾಫ್ ಈಗಲ್ ಕಂಡರೆ ಅದು ಅಪಾಯದ ಸೂಚನೆ.

ಎರಡನೆಯದು ನಕ್ಷತ್ರಗಳ ಎಣಿಕೆ. ಇಸವಿಯ ಎಡಬದಿಯ ನಕ್ಷತ್ರವನ್ನು ಒಂದು ಎಂದುಕೊಂಡು ಗಡಿಯಾರದ ಮುಳ್ಳು ಸುತ್ತುವ ದಿಕ್ಕಿನಲ್ಲಿ ಎಣಿಸಿ, ಎಡಕ್ಕೆಷ್ಟು ಬಲಕ್ಕೆಷ್ಟು ಎಂದು ಬರೆದುಕೊಳ್ಳಿ. 1797ರ ಚಿಕ್ಕ ಹದ್ದಿನ (ಹಿಮ್ಮುಖದಲ್ಲಿ ಸಣ್ಣ ಹದ್ದಿರುವ ಮೊದಲ ವಿನ್ಯಾಸದ) ಹಾಫ್ ಈಗಲ್‌ಗಳಲ್ಲಿ 15 ನಕ್ಷತ್ರದವೂ 16 ನಕ್ಷತ್ರದವೂ ಇವೆ. 1798ರ ಈಗಲ್‌ನಲ್ಲಿ ಎಡಕ್ಕೆ 9 ಬಲಕ್ಕೆ 4 ಇರುವ ಡೈ ಒಂದು, 7 ಮತ್ತು 6 ಇರುವ ಡೈ ಇನ್ನೊಂದು. ಎರಡನೆಯದು ಬಹಳ ವಿರಳ.

1806ರ ಹಾಫ್ ಈಗಲ್ ಅಭ್ಯಾಸಕ್ಕೆ ತಕ್ಕ ಪಾಠ. ಆ ಇಸವಿಯ 6ರ ತುದಿಯನ್ನು ಹತ್ತು ಪಟ್ಟಿನ ಗಾಜಿನಲ್ಲಿ ನೋಡಿ: ತುದಿ ಚೂಪಾಗಿ ಮುಗಿದರೆ ನಕ್ಷತ್ರಗಳು ಎಡಕ್ಕೆ 8, ಬಲಕ್ಕೆ 5 ಇರಬೇಕು, ತುದಿಯಲ್ಲಿ ಗುಂಡನೆಯ ಗುಬುಟಿದ್ದರೆ ಎಡಕ್ಕೆ 7, ಬಲಕ್ಕೆ 6. ಗುಬುಟಿನ 6 ಇರುವುದು ಬಿ.ಡಿ.-6 ಒಂದರಲ್ಲೇ ಆದ್ದರಿಂದ ಕೆಲಸ ಅಲ್ಲಿಗೇ ಮುಗಿಯುತ್ತದೆ, ಮತ್ತು ಬಲಮುಖದ ವಿನ್ಯಾಸಕ್ಕೆ ಒಂದೇ ನಾಣ್ಯ ಸಾಕೆನ್ನುವವರಿಗೆ ಹೆಚ್ಚಾಗಿ ಸಿಗುವ ಬಗೆಗಳಲ್ಲಿ ಅದೂ ಒಂದು. ಚೂಪು 6 ಆದರೆ ಇನ್ನೂ ಹಲವು ಜೋಡಿಗಳನ್ನು ಶೋಧಿಸಬೇಕು. ಚೂಪು 6ರ ಜೊತೆ 7 ಮತ್ತು 6 ನಕ್ಷತ್ರಗಳು ಕಂಡರೆ ಎಣಿಕೆ ತಪ್ಪಿದೆ, ಇಲ್ಲವೇ ನಾಣ್ಯ ನಕಲಿ.

ಮೂರನೆಯದು ಅಂತರಗಳು. ಒಂದನೇ ನಕ್ಷತ್ರ ಕೂದಲಿನ ಕೆಳಗಿನ ಸುರುಳಿಗೆ ಎಷ್ಟು ಹತ್ತಿರ, ಕೊನೆಯ ನಕ್ಷತ್ರ ಎದೆಗೆ ತಾಗುತ್ತದೆಯೇ, ಇಸವಿಯ 1 ಸುರುಳಿಯನ್ನು ಮುಟ್ಟುತ್ತದೆಯೇ, ಕೊನೆಯ ಅಂಕಿ ಎದೆಯೊಳಗೆ ನುಗ್ಗಿದೆಯೇ, ಲಿಬರ್ಟಿ ಎಂಬ ಬರಹದ ಮೊದಲ ಅಕ್ಷರಕ್ಕೂ ಕೊನೆಯ ಅಕ್ಷರಕ್ಕೂ ಪಕ್ಕದ ನಕ್ಷತ್ರಗಳು ಎಷ್ಟು ಸಮೀಪ. ಈ ಐದು ಅಂಶಗಳಲ್ಲಿ ಮೂರು ಹೊಂದಿದರೆ ಸಾಕೆಂದುಕೊಳ್ಳಬೇಡಿ. ಐದೂ ಹೊಂದಬೇಕು, ಸವೆತದಿಂದ ಒಂದು ಕಾಣದಿದ್ದರೆ ‘ಕಾಣುತ್ತಿಲ್ಲ’ ಎಂದೇ ಬರೆಯಬೇಕು, ‘ಹೊಂದುತ್ತದೆ’ ಎಂದು ಊಹಿಸಬಾರದು.

ಮೊಬೈಲ್ ಚಿತ್ರದ ಮೇಲೆ ಅಳತೆ ಮಾಡುವವರಿಗೆ ಒಂದು ಮಾತು. ಫೋನನ್ನು ನಾಣ್ಯದ ಹತ್ತಿರ ತಂದರೆ ಅಗಲ ನೋಟದ ಲೆನ್ಸ್ ನಡುಭಾಗವನ್ನು ಉಬ್ಬಿಸಿ ಅಂಚನ್ನು ಎಳೆಯುತ್ತದೆ, ನಕ್ಷತ್ರಗಳು ಇದ್ದಲ್ಲಿ ಇರುವುದಿಲ್ಲ. ಒಂದಡಿ ದೂರದಿಂದ, ಜೂಮ್ ಲೆನ್ಸ್ ಬಳಸಿ, ಫೋನ್ ನಾಣ್ಯಕ್ಕೆ ಸಮಾನಾಂತರವಾಗಿರುವಂತೆ ತೆಗೆಯಿರಿ. ಅಳತೆಯನ್ನು ಹೋಲಿಸುವುದಕ್ಕಿಂತ ‘ನಕ್ಷತ್ರದ ಯಾವ ಮೊನೆ ಯಾವುದರತ್ತ ತಿರುಗಿದೆ’ ಎಂಬುದನ್ನು ಹೋಲಿಸುವುದು ಹೆಚ್ಚು ಭದ್ರ, ಏಕೆಂದರೆ ದಿಕ್ಕು ಚಿತ್ರದಲ್ಲಿ ಅಷ್ಟಾಗಿ ಕೆಡುವುದಿಲ್ಲ.

ಹಂತ 5: ಹಿಮ್ಮುಖದ ಡೈ

ಮುಮ್ಮುಖ ಖಚಿತವಾದ ಮೇಲೆ ಆಕರಪಟ್ಟಿಯಲ್ಲಿ ಅದರೊಡನೆ ಬಳಕೆಯಾದ ಹಿಮ್ಮುಖಗಳು ಬೆರಳೆಣಿಕೆಯಷ್ಟೇ ಉಳಿಯುತ್ತವೆ. ಈಗ ಹುಡುಕಾಟ ಹಗುರ.

ಗುರಾಣಿ ಹೊತ್ತ ದೊಡ್ಡ ಹದ್ದಿನ ವಿನ್ಯಾಸದಲ್ಲಿ ಮೊದಲು ಹದ್ದಿನ ತಲೆಯ ಮೇಲಿನ ನಕ್ಷತ್ರಗಳನ್ನು ನೋಡಿ. ಅವು ಕೆಲವು ಡೈಗಳಲ್ಲಿ ಕಮಾನಿನಂತೆ ಬಾಗಿದ ಸಾಲುಗಳಲ್ಲಿವೆ, ಕೆಲವುಗಳಲ್ಲಿ ಅಡ್ಡಡ್ಡ ನೇರ ಸಾಲುಗಳಲ್ಲಿವೆ. ನಂತರ ಕೊಕ್ಕು ನಕ್ಷತ್ರದ ಮೊನೆಗೆ ತಾಗಿದೆಯೇ, ಬಾಣಗಳ ತುದಿ ಮೇಲಿನ ‘ಯುನೈಟೆಡ್’ ಪದದ ಎನ್ ಅಕ್ಷರದ ಯಾವ ಭಾಗದ ಕೆಳಗೆ ನಿಲ್ಲುತ್ತದೆ, ಕೊಂಬೆಯ ಎಲೆ ಮತ್ತು ‘ಅಮೆರಿಕ’ ಪದದ ಕೊನೆಯ ಎ ಅಕ್ಷರದ ನಡುವೆ ಎಷ್ಟು ಜಾಗವಿದೆ ಎಂಬುದನ್ನು ಬರೆದುಕೊಳ್ಳಿ. ಚಿಕ್ಕ ಹದ್ದಿನ ವಿನ್ಯಾಸದಲ್ಲಿ ಎಲೆಗಳನ್ನೇ ಎಣಿಸಬೇಕು: 1795ರ ಈಗಲ್‌ನ ಕೊಂಬೆಯಲ್ಲಿ ಸಾಮಾನ್ಯವಾಗಿ 13 ಎಲೆಗಳಿವೆ, ವಿರಳವಾದ ಬಿ.ಡಿ.-3ರಲ್ಲಿ ಮಾತ್ರ 9.

1807ರ ನಂತರದ ನಾಣ್ಯಗಳಲ್ಲಿ ಕೆಳಗಿನ ಬೆಲೆಯ ನಮೂದೇ ಮುಖ್ಯ ಸುಳಿವು. 1810ರ ಹಾಫ್ ಈಗಲ್‌ನಲ್ಲಿ ಇಸವಿ ದೊಡ್ಡದು ಅಥವಾ ಚಿಕ್ಕದು, ಹಿಮ್ಮುಖದ 5 ಕೂಡ ದೊಡ್ಡದು ಅಥವಾ ಚಿಕ್ಕದು. ದೊಡ್ಡ ಇಸವಿಯೊಡನೆ ದೊಡ್ಡ 5 ಇರುವುದು ಸುಲಭವಾಗಿ ಸಿಗುತ್ತದೆ, ಅದೇ ದೊಡ್ಡ ಇಸವಿಯೊಡನೆ ಚಿಕ್ಕ 5 ಇದ್ದರೆ ಅತಿ ವಿರಳ. ಒಂದು ಮುಖ ಮಾತ್ರ ನೋಡಿ ತೀರ್ಮಾನಿಸಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಇಲ್ಲ. 1818ರಲ್ಲಿ ಡೈ ಕೆತ್ತಿದವನು ‘5 ಡಿ’ (ಐದು ಡಾಲರ್) ಎಂಬ ನಮೂದಿನಲ್ಲಿ 5ರ ಪಕ್ಕ ಸೊನ್ನೆ ಬಡಿದು, ಆಮೇಲೆ ಅದರ ಮೇಲೆಯೇ ಡಿ ಅಕ್ಷರವನ್ನು ಕೂರಿಸಿದ್ದಾನೆ. ಡಿಯ ಒಳಗೆ ಸೊನ್ನೆಯ ಬಾಗು ಉಳಿದಿದೆ. ಅದೇ ವರ್ಷದ ಇನ್ನೊಂದು ಡೈಯಲ್ಲಿ ದೇಶದ ಹೆಸರಿನ ಎರಡು ಪದಗಳು ನಡುವೆ ಜಾಗವಿಲ್ಲದೆ ಅಂಟಿಕೊಂಡಿವೆ.

ಕ್ವಾರ್ಟರ್ ಈಗಲ್ ಸಂಗ್ರಹಿಸುವವರು ಒಂದು ಸಂಗತಿಯನ್ನು ತಿಳಿದಿರಬೇಕು. ಆ ಕಾಲದ ಹತ್ತು ಸೆಂಟಿನ ಬೆಳ್ಳಿಯ ಡೈಮ್ ನಾಣ್ಯವೂ ಹೆಚ್ಚುಕಡಿಮೆ ಅದೇ ಗಾತ್ರದ್ದು, ಎರಡರಲ್ಲೂ ಬೆಲೆಯ ನಮೂದಿರಲಿಲ್ಲ. ಆದ್ದರಿಂದ ಟಂಕಸಾಲೆ ಕೆಲವು ಹಿಮ್ಮುಖದ ಡೈಗಳನ್ನು ಎರಡಕ್ಕೂ ಬಳಸಿತು. ಚಿನ್ನದ ಚಿತ್ರಗಳಲ್ಲಿ ಸ್ಪಷ್ಟವಾಗಿ ಕಾಣದ ಡೈ ಗುರುತನ್ನು ಡೈಮ್‌ನ ಚಿತ್ರದಲ್ಲಿ ನೋಡಿ ಖಚಿತಪಡಿಸಿಕೊಳ್ಳುವುದುಂಟು.

ಹಂತ 6: ಡೈಯ ಸ್ಥಿತಿ

ಬಿ.ಡಿ. ಸಂಖ್ಯೆ ಸಿಕ್ಕ ಮೇಲೂ ಒಂದು ಕೆಲಸವಿದೆ. ಬಳಕೆಯಾಗುತ್ತಾ ಡೈ ಬಿರಿಯುತ್ತದೆ, ನಡುವೆ ಬಿಲ್ಲೆ (ಅಚ್ಚೊತ್ತಬೇಕಾದ ಚಿನ್ನದ ತುಂಡು) ಇಲ್ಲದೆ ಎರಡು ಡೈಗಳು ಒಂದಕ್ಕೊಂದು ಬಡಿದಾಗ ಎದುರಿನ ಚಿತ್ರದ ನೆರಳು ಅದರಲ್ಲಿ ಮೂಡುತ್ತದೆ, ಅದನ್ನು ತೆಗೆಯಲು ಉಜ್ಜಿ ನಯಗೊಳಿಸಿದರೆ ಸಣ್ಣ ವಿವರಗಳು ಅಳಿಸಿಹೋಗುತ್ತವೆ. ಇವುಗಳ ಅನುಕ್ರಮವೂ ದಾಖಲಾಗಿರುವುದರಿಂದ ನಿಮ್ಮ ನಾಣ್ಯ ಅದರ ಯಾವುದೋ ಒಂದು ಮೆಟ್ಟಿಲಲ್ಲಿ ನಿಲ್ಲಬೇಕು.

ಬಿರುಕು ಮತ್ತು ಗೀರನ್ನು ಬೇರ್ಪಡಿಸಲು ನಾಣ್ಯವನ್ನು ಲ್ಯಾಂಪಿನ ಕೆಳಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿ. ಡೈ ಬಿರುಕು ನಾಣ್ಯದ ಮೇಲೆ ಉಬ್ಬಿದ ಗೆರೆ. ಬೆಳಕು ಬರುವ ಬದಿ ಹೊಳೆದು ಆಚೆಯ ಬದಿ ಕಪ್ಪಾಗುತ್ತದೆ. ಗೀರು ತಗ್ಗಿನ ಗೆರೆ. ಅಲ್ಲಿ ಹೊಳಪು ಆಚೆಯ ಬದಿಯಲ್ಲಿ ಬೀಳುತ್ತದೆ. ಚಿತ್ರದಲ್ಲಿ ಇವೆರಡೂ ಒಂದೇ ಬಗೆ ಕಾಣುವುದರಿಂದ ಮಾರುವವರಿಂದ ಬೇರೆ ಬೇರೆ ಕೋನದ ಬೆಳಕಿನಲ್ಲಿ ತೆಗೆದ ಎರಡು ಚಿತ್ರಗಳನ್ನಾದರೂ ಕೇಳಿ.

ಇಸವಿಯನ್ನು ಅಚ್ಚಾದ ವರ್ಷವೆಂದು ನಂಬಬೇಡಿ. 1795ರ ಇಸವಿಯಿರುವ ದೊಡ್ಡ ಹದ್ದಿನ ಹಾಫ್ ಈಗಲ್ ಹಳೆಯ ಮುಮ್ಮುಖದ ಡೈ ಬಳಸಿ ವರ್ಷಗಳ ನಂತರ, 1798ರ ಹೊತ್ತಿಗೆ, ಅಚ್ಚಾದದ್ದೆಂದು ಸಂಶೋಧಕರು ಒಪ್ಪುತ್ತಾರೆ. ಹಾಗೆಯೇ 1804ರ ಈಗಲ್‌ನಲ್ಲಿ 4ರ ಅಡ್ಡಗೆರೆಯ ತುದಿಗೆ ಸಣ್ಣ ಅಡ್ಡಪಟ್ಟಿ ಇರುವುದೇ ಆ ಕಾಲದ ನಾಣ್ಯ. ಅದಿಲ್ಲದ ಸಾದಾ 4 ಇರುವವು ರಾಜತಾಂತ್ರಿಕ ಕಾಣಿಕೆಗೆಂದು 1834-35ರಲ್ಲಿ ಅಚ್ಚಾದ ಕೆಲವೇ ಪ್ರೂಫ್‌ಗಳು, ಅಂದರೆ ಚಲಾವಣೆಗಲ್ಲದೆ ವಿಶೇಷವಾಗಿ ಅಚ್ಚೊತ್ತಿದ ನಾಣ್ಯಗಳು. ಸಾದಾ 4ರ ನಾಣ್ಯವನ್ನು ಯಾರಾದರೂ ಪೊಟ್ಟಣದಲ್ಲಿ ತಂದು ತೋರಿಸಿದರೆ ಮಾತು ಮುಂದುವರಿಸುವ ಅಗತ್ಯವಿಲ್ಲ.

ಹಂತ 7: ನಕಲಿ ಮತ್ತು ತಿದ್ದಿದ ನಾಣ್ಯದ ಸೂಚನೆಗಳು

ಡೈ ಯಾವುದಕ್ಕೂ ಹೊಂದದ ನಾಣ್ಯ ಬಹುಮಟ್ಟಿಗೆ ನಕಲಿ. ಆದರೆ ಡೈ ಹೊಂದಿದ್ದೆಲ್ಲ ಅಸಲಿಯಲ್ಲ, ಈ ಭಾಗವನ್ನು ಅವಸರದಲ್ಲಿ ಓದಬೇಡಿ. ಅಸಲಿ ನಾಣ್ಯವೊಂದರಿಂದಲೇ ಅಚ್ಚು ತೆಗೆದು ಮಾಡಿದ ನಕಲಿಯಲ್ಲಿ ಅಸಲಿ ಡೈಯ ಎಲ್ಲ ಲಕ್ಷಣಗಳೂ ಇರುತ್ತವೆ, ಜೊತೆಗೆ ಆ ಮೂಲ ನಾಣ್ಯಕ್ಕೆ ಬಿದ್ದಿದ್ದ ಪೆಟ್ಟು ಮತ್ತು ತಗ್ಗುಗಳೂ ಇರುತ್ತವೆ. ಹಳೆಯ ಹರಾಜು ಚಿತ್ರಗಳಲ್ಲಿ ಅಥವಾ ಮಾರಾಟದ ಜಾಹೀರಾತುಗಳಲ್ಲಿ ಇನ್ನೊಂದು ನಾಣ್ಯಕ್ಕೆ ಅದೇ ಜಾಗದಲ್ಲಿ ಅದೇ ಆಕಾರದ ತಗ್ಗು ಕಂಡರೆ, ಎರಡರಲ್ಲಿ ಒಂದಾದರೂ ನಕಲಿ. ಕೊಬ್ಬಿದಂತೆ ಕಾಣುವ ಅಕ್ಷರಗಳು, ಮುಖದ ಅಂಚಿನ ಸುತ್ತಲಿರುವ ಹಲ್ಲಿನಂಥ ಗುರುತುಗಳ ನಡುವಿನಿಂದ ಮೇಲೆದ್ದ ಸಣ್ಣ ಮುಳ್ಳುಗಳು, ಆಕೃತಿಗಳ ಸುತ್ತಲಿನ ಖಾಲಿ ಜಾಗದ ತುಂಬ ಗುಳ್ಳೆಯಂಥ ಚುಕ್ಕೆಗಳು, ಹೊರಅಂಚಿನ ಗೆರೆಗಳಲ್ಲಿ ಅಸಮತೆ ಇವು ಇತರ ಸೂಚನೆಗಳು.

ಅಸಲಿಯಾದರೂ ಕೆಟ್ಟ ನಾಣ್ಯಗಳು ಇನ್ನೂ ಹೆಚ್ಚು. ಕಾಸಿನ ಸರಕ್ಕೆ ಕೊಂಡಿ ಬೆಸೆಯುವ ನಮ್ಮ ಮನೆಗಳಂತೆಯೇ ಅಲ್ಲಿಯೂ ಚಿನ್ನದ ನಾಣ್ಯಗಳನ್ನು ಪದಕ, ಬ್ರೂಚ್, ಗಡಿಯಾರದ ಸರಪಣಿಗಳಿಗೆ ಬೆಸೆಯುತ್ತಿದ್ದರು. ಕೊಂಡಿ ಕಿತ್ತ ಮೇಲೆ ಅಂಚನ್ನು ಅರದಿಂದ ಸರಿಪಡಿಸಿ, ಗೆರೆಗಳನ್ನು ಮತ್ತೆ ಕೊರೆದು ಮಾರುತ್ತಾರೆ. ಇದನ್ನು ಪತ್ತೆಹಚ್ಚಲು ನಾಣ್ಯವನ್ನು ಗಡಿಯಾರದ ಮುಖವೆಂದು ಭಾವಿಸಿ ಹನ್ನೆರಡು, ಮೂರು, ಆರು ಮತ್ತು ಒಂಬತ್ತರ ಜಾಗಗಳಲ್ಲಿ ಅಂಚನ್ನು ಪರೀಕ್ಷಿಸಿ. ಅಂಚಿನ ಗೆರೆಗಳ ಅಗಲ ಅಲ್ಲಿ ಮಾತ್ರ ಬೇರೆಯಾಗಿದ್ದರೆ, ಹಲ್ಲುಗಳು ಕರಗಿದಂತಿದ್ದರೆ, ಬಣ್ಣ ಸ್ವಲ್ಪ ಬಿಳಿಚಿಕೊಂಡಿದ್ದರೆ ಬೆಸುಗೆ ಇತ್ತೆಂದೇ ತಿಳಿಯಿರಿ. ಕವಚದ ಒಳಗಿರುವ ನಾಣ್ಯದಲ್ಲಿ ಹಿಡಿಕೆಗಳು ಅಂಚನ್ನು ಮುಚ್ಚುವುದರಿಂದ ಈ ಪರೀಕ್ಷೆ ಪೂರ್ಣವಾಗದು.

ಇದಕ್ಕೆ ವಿರುದ್ಧವಾಗಿ, ಹಾನಿಯೆಂದು ತಪ್ಪಾಗಿ ತಿಳಿದು ಒಳ್ಳೆಯ ನಾಣ್ಯವನ್ನು ಬಿಟ್ಟುಬಿಡುವವರೂ ಇದ್ದಾರೆ. ತೂಕ ಹೆಚ್ಚಾದ ಬಿಲ್ಲೆಯನ್ನು ಅಚ್ಚೊತ್ತುವ ಮುನ್ನವೇ ಟಂಕಸಾಲೆಯವರು ಅರದಿಂದ ತೀಡುತ್ತಿದ್ದರು. ಆ ಸಮಾನಾಂತರ ಗೆರೆಗಳು ಅಚ್ಚಿನ ಒತ್ತಡ ಕಡಿಮೆಯಿದ್ದ ಕಡೆ, ಅಂದರೆ ಅಂಚಿನ ಹಲ್ಲುಗಳಲ್ಲಿ ಅಥವಾ ಆಕೃತಿಯ ನಟ್ಟನಡುವೆ, ಉಳಿದುಕೊಂಡಿವೆ. ನಂತರದ ಗೀರು ಚಿತ್ರದ ಎತ್ತರದ ಭಾಗವನ್ನು ಮೇಲಿನಿಂದ ಕತ್ತರಿಸಿ ಹೋಗುತ್ತದೆ. ಅರದ ಗೆರೆ ಚಿತ್ರದ ಕೆಳಗೆ ಸಿಕ್ಕಿಕೊಂಡಂತೆ ಇರುತ್ತದೆ, ಅಚ್ಚು ಗಟ್ಟಿಯಾಗಿ ಬಿದ್ದ ಕಡೆ ಕರಗಿಹೋಗುತ್ತದೆ. ಗ್ರೇಡಿಂಗ್ ಸಂಸ್ಥೆಗಳು ಇದನ್ನು ಹಾನಿಯೆಂದು ಎಣಿಸುವುದಿಲ್ಲ, ತೀರಾ ಒರಟಾಗಿದ್ದರೆ ಮಾತ್ರ ಬೆಲೆ ತಗ್ಗುತ್ತದೆ.

ಹಂತ 8: ವಿರಳತೆಯನ್ನು ಬೆಲೆಯೊಡನೆ ಬೆರೆಸಬೇಡಿ

ಆಕರಗಳಲ್ಲಿ ಪ್ರತಿ ಬಗೆಗೂ ಒಂದು ಆರ್ ಸಂಖ್ಯೆ ಇರುತ್ತದೆ. ಆರ್-4 ಎಂದರೆ ಸುಮಾರು 80ರಿಂದ 200 ನಾಣ್ಯಗಳು ಉಳಿದಿವೆ ಎಂಬ ಅಂದಾಜು, ಆರ್-5 ಎಂದರೆ ಸುಮಾರು 30ರಿಂದ 80, ಆರ್-6 ಎಂದರೆ 13ರಿಂದ 30, ಆರ್-7 ಎಂದರೆ 4ರಿಂದ 12, ಆರ್-8 ಎಂದರೆ ಹೆಚ್ಚೆಂದರೆ ಮೂರು.

ಇದು ಆ ಡೈ ಜೋಡಿಯ ವಿರಳತೆಯೇ ಹೊರತು ಆ ಇಸವಿಯದಲ್ಲ, ಬೇಡಿಕೆಯದಂತೂ ಅಲ್ಲವೇ ಅಲ್ಲ. 1808ರ ಕ್ವಾರ್ಟರ್ ಈಗಲ್‌ಗೆ ಒಂದೇ ಡೈ ಜೋಡಿ, ಆ ವಿನ್ಯಾಸ ಬಂದದ್ದೂ ಅದೊಂದೇ ವರ್ಷ, ಅಚ್ಚಾದದ್ದು 2,710; ವಿನ್ಯಾಸಕ್ಕೊಂದು ನಾಣ್ಯ ಕೂಡಿಸುವ ಎಲ್ಲರಿಗೂ ಅದು ಬೇಕು. ಅದಕ್ಕಿಂತ ಎಷ್ಟೋ ವಿರಳವಾದ 1802ರ ಡೈ ಜೋಡಿಗೆ ಕೈಚಾಚುವವರು ಬೆರಳೆಣಿಕೆಯ ಬಗೆ ಸಂಗ್ರಹಕಾರರು ಮಾತ್ರ, ಹಾಗಾಗಿ ಅದು ಸಾಮಾನ್ಯ ನಾಣ್ಯಕ್ಕಿಂತ ಸ್ವಲ್ಪವೇ ಹೆಚ್ಚಿಗೆ ಹೋಗಬಹುದು. ಆರ್ ಸಂಖ್ಯೆ ತೋರಿಸಿ ದುಪ್ಪಟ್ಟು ಕೇಳುವವರಿಗೆ, ಅದೇ ಬಿ.ಡಿ. ಸಂಖ್ಯೆಯ ಹಿಂದಿನ ಹರಾಜು ಬೆಲೆಗಳನ್ನು ತೋರಿಸುವುದೇ ತಕ್ಕ ಉತ್ತರ.

ಹಂತ 9: ಕೊಳ್ಳುವಾಗ

ಆರಂಭದಲ್ಲಿ ಪಿಸಿಜಿಎಸ್ ಅಥವಾ ಎನ್‌ಜಿಸಿ ಗ್ರೇಡಿಂಗ್ ಸಂಸ್ಥೆಯ ಕವಚದಲ್ಲಿರುವ ನಾಣ್ಯಗಳನ್ನಷ್ಟೇ ಕೊಳ್ಳಿ. ಕವಚವೂ ನಕಲಿಯಾಗಬಹುದಾದ್ದರಿಂದ ಪ್ರಮಾಣಪತ್ರದ ಸಂಖ್ಯೆಯನ್ನು ಸಂಸ್ಥೆಯ ಜಾಲತಾಣದಲ್ಲಿ ಹಾಕಿ, ಅಲ್ಲಿನ ಚಿತ್ರದೊಡನೆ ನಾಣ್ಯದ ಒಂದೊಂದು ಗೀರನ್ನೂ ಹೋಲಿಸಿ. ಸಂಖ್ಯೆ ಹೊಂದಿತು ಎಂಬುದಷ್ಟೇ ಸಾಲದು, ನಕಲಿ ಕವಚ ಮಾಡುವವರು ಅಸಲಿ ಸಂಖ್ಯೆಯನ್ನೇ ಕದಿಯುತ್ತಾರೆ.

ಲೇಬಲ್ ಮೇಲಿನ ಬಿ.ಡಿ. ಸಂಖ್ಯೆಯನ್ನೂ ನೀವೇ ಮತ್ತೊಮ್ಮೆ ಪರಿಶೀಲಿಸಿ. ಹಳೆಯ ಕವಚಗಳಲ್ಲಿ ಸಂಖ್ಯೆಯೇ ಇರುವುದಿಲ್ಲ, ಕೆಲವೊಮ್ಮೆ ತಪ್ಪು ಸಂಖ್ಯೆ ಇರುತ್ತದೆ. ತಪ್ಪು ನಿಮಗೆ ಲಾಭವಾಗಿಯೂ ಬರಬಹುದು; ಸಂಖ್ಯೆ ಬರೆಯದ ಕವಚದೊಳಗಿಂದ ವಿರಳ ಬಗೆಯನ್ನು ಸಾಮಾನ್ಯ ಬೆಲೆಗೆ ಹೆಕ್ಕುವುದು ಈ ಹವ್ಯಾಸದ ನಿಜವಾದ ರುಚಿ. ಲೇಬಲ್‌ನಲ್ಲಿ ಅಂಕಿಯ ಗ್ರೇಡ್ ಬದಲು ‘ಡೀಟೇಲ್ಸ್’ ಎಂದಿದ್ದರೆ ತೊಳೆದ, ಬೆಸೆದ ಅಥವಾ ತಿದ್ದಿದ ನಾಣ್ಯವೆಂದರ್ಥ. ಅಂಥದ್ದನ್ನು ಕೊಳ್ಳಬಾರದೆಂದಲ್ಲ, ಆರ್-7 ಬಗೆಯಲ್ಲಿ ಅದೊಂದೇ ಸಿಗಬಹುದು. ಬೆಲೆ ಮಾತ್ರ ಅದಕ್ಕೆ ತಕ್ಕಂತಿರಲಿ.

ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಸಾಮಾನ್ಯವಾಗಿ ಶೇ 20 ಅಥವಾ ಅದಕ್ಕೂ ಮೀರಿದ ಖರೀದಿದಾರರ ಶುಲ್ಕ ಸೇರುತ್ತದೆ. ನಿಮ್ಮ ಮಿತಿಯನ್ನು ಅದನ್ನು ಸೇರಿಸಿಯೇ ಗೊತ್ತುಮಾಡಿ.

ಹಂತ 10: ಇಟ್ಟುಕೊಳ್ಳುವುದು ಮತ್ತು ಗಡಿ ದಾಟಿಸುವುದು

ಬಿಡಿ ನಾಣ್ಯವನ್ನು ಪಿವಿಸಿ ಇಲ್ಲದ ಚೀಲದಲ್ಲಿಡಿ, ಹೊಳಪು ಕೊಡುವ ಯಾವ ದ್ರವವನ್ನೂ ಮುಟ್ಟಿಸಬೇಡಿ. ಪ್ರತಿ ನಾಣ್ಯಕ್ಕೂ ಬಿ.ಡಿ. ಸಂಖ್ಯೆ, ಡೈ ಸ್ಥಿತಿ, ಕೊಂಡ ರಸೀದಿ, ಹಿಂದಿನ ಹರಾಜಿನ ವಿವರ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದಿಡಿ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಊರಿಗೆ ಬರುವಾಗ ಇಂಥ ನಾಣ್ಯಗಳನ್ನು ಜೊತೆಗೆ ತರುವ ಮೊದಲು ಎರಡು ಬಾರಿ ಯೋಚಿಸಬೇಕು. ಬರುವಾಗ ಕಸ್ಟಮ್ಸ್‌ನಲ್ಲಿ ಚಿನ್ನವೆಂದು ಘೋಷಿಸಬೇಕಾಗುತ್ತದೆ ಎಂಬುದು ಒಂದಾದರೆ, ಹಿಂದಿರುಗಿಸುವುದು ಇನ್ನೂ ಕಠಿಣ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ನಾಣ್ಯ ಪುರಾವಸ್ತು. ಅದನ್ನು ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆಯ ಹೊರತು ಬೇರೆ ಯಾರೂ ದೇಶದಿಂದ ಹೊರಗೆ ಕಳಿಸುವಂತಿಲ್ಲ. ಅಂದರೆ ಬೆಂಗಳೂರಿಗೆ ಬಂದ ಬಿಡಿ ನಾಣ್ಯವನ್ನು ಗ್ರೇಡಿಂಗ್‌ಗೆಂದು ಅಮೆರಿಕಕ್ಕೆ ಅಂಚೆಯಲ್ಲಿ ಕಳಿಸುವುದು ಕಾನೂನಿನ ತೊಡಕಿಗೆ ಕೈಹಾಕಿದಂತೆ. ಗ್ರೇಡಿಂಗ್, ಡೈ ಗುರುತಿಸುವಿಕೆ, ಮಾರಾಟ ಮೂರನ್ನೂ ನಾಣ್ಯ ಅಮೆರಿಕದಲ್ಲಿರುವಾಗಲೇ ಮುಗಿಸಿಕೊಳ್ಳಿ, ಸಂಗ್ರಹವನ್ನು ಅಲ್ಲಿನ ಬ್ಯಾಂಕಿನ ಲಾಕರಿನಲ್ಲೇ ಇಡಿ, ಇಲ್ಲಿಗೆ ಚಿತ್ರಗಳನ್ನಷ್ಟೇ ತನ್ನಿ. ಅಲ್ಲಿ ಮಾರಿದಾಗ ಬರುವ ದೀರ್ಘಾವಧಿ ಲಾಭಕ್ಕೆ ಷೇರುಗಳ ದರವಲ್ಲ, ಸಂಗ್ರಹಯೋಗ್ಯ ವಸ್ತುಗಳಿಗಿರುವ ಗರಿಷ್ಠ ಶೇ 28ರ ಫೆಡರಲ್ ತೆರಿಗೆ ದರ ಅನ್ವಯಿಸುತ್ತದೆ; ಮೊದಲ ದಿನದಿಂದ ರಸೀದಿ ಇಟ್ಟವರಿಗೆ ಮಾತ್ರ ಕೊಂಡ ಬೆಲೆಯನ್ನು ಅದರಲ್ಲಿ ಕಳೆದು ತೋರಿಸಲು ಸಾಧ್ಯವಾಗುತ್ತದೆ.